ಸಿಗ್ನಲ್‌ನಲ್ಲಿ ನಿಲ್ಲಲು ಕಲಿತ ರೇಸ್ ಎಂಜಿನ್

ಗಂಟೆಗೆ 352 ಕಿಲೋಮೀಟರ್ ವೇಗದಲ್ಲಿ ಓಡುವ ಕಾರನ್ನು ತಯಾರಿಸುವುದು ಕಷ್ಟವೋ, ಅದೇ ಕಾರು ಕೆಂಪು ದೀಪದ ಮುಂದೆ ಎರಡು ನಿಮಿಷ ಸದ್ದಿಲ್ಲದೆ ನಿಲ್ಲುವಂತೆ ಮಾಡುವುದು ಕಷ್ಟವೋ? ಮೊದಲನೆಯದೇ ಕಷ್ಟ ಎಂದು ಯಾರಾದರೂ ಹೇಳುತ್ತಾರೆ. ಜರ್ಮನಿಯ ಮರ್ಸಿಡಿಸ್ ಕಂಪನಿ ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ಐದು ವರ್ಷ ತೆಗೆದುಕೊಂಡಿತು. ಉತ್ತರ ಎರಡನೆಯದು ಎಂದಾಯಿತು.

2017ರ ಸೆಪ್ಟೆಂಬರ್‌ನಲ್ಲಿ ಫ್ರಾಂಕ್‌ಫರ್ಟ್ ಮೋಟರ್ ಪ್ರದರ್ಶನದಲ್ಲಿ ಮರ್ಸಿಡಿಸ್ ಒಂದು ಕಾರನ್ನು ಅನಾವರಣಗೊಳಿಸಿತು. ವೇದಿಕೆಯಲ್ಲಿ ಫಾರ್ಮುಲಾ ಒನ್ ಚಾಲಕ ಲೂಯಿಸ್ ಹ್ಯಾಮಿಲ್ಟನ್ ಇದ್ದರು. ಕಂಪನಿಯ ರೇಸ್ ವಿಭಾಗವಾಗಿ ಹೆಸರಾದ ಎಎಂಜಿಗೆ ಆಗ 50 ವರ್ಷ ತುಂಬಿತ್ತು. (1967ರಲ್ಲಿ ಹನ್ಸ್ ವೆರ್ನರ್ ಔಫ್ರೆಕ್ಟ್ ಮತ್ತು ಎರ್ಹಾರ್ಡ್ ಮೆಲ್ಶರ್ ಎಂಬ ಇಬ್ಬರು ಎಂಜಿನಿಯರ್‌ಗಳು ಕಟ್ಟಿದ ಸಂಸ್ಥೆ ಇದು. ಅವರಿಬ್ಬರ ಹೆಸರಿನ ಮೊದಲಕ್ಷರಗಳೂ ಔಫ್ರೆಕ್ಟ್ ಹುಟ್ಟಿದ ಗ್ರೊಸ್‌ಆಸ್ಪಾಕ್ ಊರಿನ ಮೊದಲಕ್ಷರವೂ ಸೇರಿ ಎಎಂಜಿ.) ಸುವರ್ಣ ಮಹೋತ್ಸವದ ಆ ಸಂದರ್ಭದಲ್ಲಿ ಕಂಪನಿ ಕೊಟ್ಟ ಮಾತು ಇಷ್ಟು: ಹ್ಯಾಮಿಲ್ಟನ್ ಓಡಿಸುವ ರೇಸ್ ಕಾರಿನ ಎಂಜಿನ್ನನ್ನೇ ನಂಬರ್ ಪ್ಲೇಟ್ ಇರುವ ಕಾರಿನಲ್ಲಿ ಕೂರಿಸಿ ರಸ್ತೆಗಿಳಿಸುತ್ತೇವೆ. ಒಟ್ಟು 275 ಕಾರು. ಬೆಲೆ, ತೆರಿಗೆ ಸೇರಿ, ಸುಮಾರು 27 ಲಕ್ಷ ಯೂರೋ. ಅಷ್ಟೂ ಕಾರುಗಳನ್ನು ಜನ ಮುಂಗಡವಾಗಿಯೇ ಕಾದಿರಿಸಿಬಿಟ್ಟರು. 2019ರಲ್ಲಿ ಕೈಗೆ ಸಿಗಬೇಕಿತ್ತು. ಮೊದಲ ಗಿರಾಕಿಗೆ ಕಾರು ಸಿಕ್ಕಿದ್ದು 2023ರ ಜನವರಿಯಲ್ಲಿ.

ನಡುವಿನ ವರ್ಷಗಳಲ್ಲಿ ಆದದ್ದೇನು ಎಂಬುದೇ ಈ ಕಾರಿನ ಕಥೆ. ಅದನ್ನು ತಿಳಿಯುವ ಮುನ್ನ ಎಂಜಿನ್ ಎಂಥದ್ದೆಂದು ನೋಡೋಣ.

ಹೈಬ್ರಿಡ್ ಎಂದರೆ ನಮ್ಮಲ್ಲಿ ಮೊದಲು ನೆನಪಾಗುವುದು ಜೋಳ, ಟೊಮೆಟೊ. ಕಾರಿನ ವಿಷಯದಲ್ಲೂ ಅರ್ಥ ಅದೇ, ಎರಡು ತಳಿಗಳ ಕೂಡಿಕೆ. ಪೆಟ್ರೋಲ್ ಎಂಜಿನ್ನೂ ವಿದ್ಯುತ್ ಮೋಟರೂ ಒಂದೇ ಕಾರಿನಲ್ಲಿ ದುಡಿಯುತ್ತವೆ. ಫಾರ್ಮುಲಾ ಒನ್ ಸ್ಪರ್ಧೆಗೆ 2014ರಲ್ಲಿ ಬಂದ ಹೊಸ ನಿಯಮಗಳು ರೇಸ್ ಕಾರುಗಳನ್ನು ಈ ದಾರಿಗೆ ಹಚ್ಚಿದವು. ಎಂಜಿನ್ ಗಾತ್ರ 1.6 ಲೀಟರ್ ಮೀರಬಾರದು, ಇಡೀ ರೇಸಿಗೆ 100 ಕಿಲೋಗ್ರಾಮಿಗಿಂತ ಹೆಚ್ಚು ಪೆಟ್ರೋಲ್ ಸುಡಬಾರದು, ಬ್ರೇಕ್ ಹಾಕಿದಾಗ ಹಾಳಾಗುವ ಶಕ್ತಿಯನ್ನೂ ಹೊಗೆಯೊಡನೆ ಹೊರಹೋಗುವ ಶಕ್ತಿಯನ್ನೂ ಹಿಡಿದು ವಿದ್ಯುತ್ತಾಗಿಸಿ ಬಳಸಿಕೊಳ್ಳಬಹುದು. ಮಿತವ್ಯಯದ ಈ ಆಟದಲ್ಲಿ ಮರ್ಸಿಡಿಸ್ ಎಲ್ಲರಿಗಿಂತ ಮುಂದೆ ಹೋಯಿತು. 2014ರಿಂದ 2021ರವರೆಗೆ ಸತತ ಎಂಟು ಸಲ ತಂಡಗಳ ಪ್ರಶಸ್ತಿ ಗೆದ್ದಿತು. ಇಂಗ್ಲೆಂಡಿನ ಬ್ರಿಕ್ಸ್‌ವರ್ತ್‌ನಲ್ಲಿರುವ ಅದರ ಎಂಜಿನ್ ಕಾರ್ಖಾನೆಯಲ್ಲಿ, ಪೆಟ್ರೋಲಿನಲ್ಲಿರುವ ಶಕ್ತಿಯ ಅರ್ಧಕ್ಕಿಂತ ಹೆಚ್ಚು ಪಾಲು ಕೆಲಸಕ್ಕೆ ಬರುವಂತೆ ಮಾಡಿದ್ದು 2017ರಲ್ಲಿ, ಪರೀಕ್ಷಾ ಮೇಜಿನ ಮೇಲೆ. ಸಾಧಾರಣ ಪೆಟ್ರೋಲ್ ಕಾರಿನಲ್ಲಿ ಅರ್ಧಕ್ಕಿಂತ ಎಷ್ಟೋ ಹೆಚ್ಚು ಶಕ್ತಿ ಬರೀ ಬಿಸಿಯಾಗಿ ಗಾಳಿಗೆ ಹೋಗುತ್ತದೆ.

1.6 ಲೀಟರ್ ಎಂದರೆ ಹಳೆಯ ಮಾರುತಿ 800 ಕಾರಿನ ಎರಡು ಎಂಜಿನ್ ಸೇರಿಸಿದಷ್ಟು ಗಾತ್ರ. ಮಾರುತಿಯ ಎಂಜಿನ್ ಕೊಡುತ್ತಿದ್ದುದು ಸುಮಾರು 37 ಅಶ್ವಶಕ್ತಿ. ಎರಡು ಸೇರಿದರೆ 74. ಎಎಂಜಿ ಒನ್ ಎಂದು ಹೆಸರಾದ ಈ ಕಾರಿನಲ್ಲಿ ಅದೇ ಗಾತ್ರದ, ಆರು ಸಿಲಿಂಡರಿನ ಎಂಜಿನ್ ಕೊಡುವುದು 574. ನಿಮಿಷಕ್ಕೆ 11,000 ಸುತ್ತು ತಿರುಗುವುದರಿಂದ ಇದು ಸಾಧ್ಯ. ಆ ವೇಗದಲ್ಲಿ ವಾಲ್ವುಗಳನ್ನು ಹಿಂದಕ್ಕೆ ತಳ್ಳಲು ಉಕ್ಕಿನ ಸ್ಪ್ರಿಂಗಿನಿಂದ ಆಗದೆಂದು ಗಾಳಿಯ ಒತ್ತಡದ ಸ್ಪ್ರಿಂಗ್ ಇಟ್ಟಿದ್ದಾರೆ.

ಇದರ ಜತೆಗೆ ನಾಲ್ಕು ವಿದ್ಯುತ್ ಮೋಟರ್. ಮುಂದಿನ ಎರಡು ಚಕ್ರಗಳಿಗೆ ಒಂದೊಂದು, ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟಿಗೆ ಒಂದು. ಈ ಮೂರೂ ತಲಾ 163 ಅಶ್ವಶಕ್ತಿಯವು. ನಾಲ್ಕನೆಯದು ಟರ್ಬೊ ಒಳಗೆ ಕುಳಿತಿದೆ. ಟರ್ಬೊ ಎಂದರೆ ಹೊರಹೋಗುವ ಹೊಗೆಯ ರಭಸದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಚಕ್ರ. ಹೊಗೆ ಸಾಕಷ್ಟು ಬರುವವರೆಗೆ ಅದು ಮಂಕಾಗಿರುತ್ತದೆ. ಟರ್ಬೊ ಕಾರು ಓಡಿಸಿದವರಿಗೆ ಆ ಕ್ಷಣದ ತಡ ಗೊತ್ತು. ಇಲ್ಲಿ ಮೋಟರೇ ಟರ್ಬೊವನ್ನು ನಿಮಿಷಕ್ಕೆ 1,00,000 ಸುತ್ತಿನವರೆಗೆ ತಿರುಗಿಸುವುದರಿಂದ ತಡವೆಂಬುದೇ ಇಲ್ಲ. ಹೊಗೆ ಹೆಚ್ಚಾದಾಗ ಅದೇ ಮೋಟರ್ ಡೈನಮೊ ಆಗಿ ವಿದ್ಯುತ್ ತಯಾರಿಸುತ್ತದೆ. 574ಕ್ಕೆ ಮೂರು ಸಲ 163 ಕೂಡಿಸಿದರೆ ಬರುವ 1,063 ಅಶ್ವಶಕ್ತಿಯೇ ಕಾರಿನ ಒಟ್ಟು ಬಲ. ಟರ್ಬೊ ಮೋಟರಿನ 122 ಈ ಲೆಕ್ಕದಲ್ಲಿಲ್ಲ, ಅದರ ದುಡಿಮೆ ಎಂಜಿನ್ನಿನ ಪಾಲಿಗೆ ಸೇರಿಹೋಗಿದೆ.

ನಿಂತಲ್ಲಿಂದ 100 ಕಿಲೋಮೀಟರ್ ವೇಗಕ್ಕೆ 2.9 ಸೆಕೆಂಡ್, 200ಕ್ಕೆ 7, 300ಕ್ಕೆ 15.6 ಸೆಕೆಂಡ್. ತೂಕ 1,695 ಕಿಲೋಗ್ರಾಂ. ಅಂಕಿ-ಅಂಶ ಇಷ್ಟು ಸಾಕು. ಇಂಥ ಅಂಕಿಗಳು ಗೋಡೆಗೆ ಅಂಟಿಸುವ ಚಿತ್ರಪಟಕ್ಕೆ ಚೆಂದ.

ಈಗ ಕೆಂಪು ದೀಪಕ್ಕೆ ಬರೋಣ.

ಗೇರ್ ಹಾಕದೆ, ಆಕ್ಸಿಲರೇಟರ್ ಒತ್ತದೆ ಬಿಟ್ಟಾಗ ಎಂಜಿನ್ ತನ್ನಷ್ಟಕ್ಕೆ ತಿರುಗುವ ವೇಗಕ್ಕೆ ಐಡ್ಲಿಂಗ್ ಎನ್ನುತ್ತಾರೆ. ಮನೆಯ ಕಾರಿನಲ್ಲಿ ಅದು ನಿಮಿಷಕ್ಕೆ 700-800 ಸುತ್ತು. ಫಾರ್ಮುಲಾ ಒನ್ ಎಂಜಿನ್ನಿನಲ್ಲಿ 4,000ದಿಂದ 5,000. ಅಂದರೆ ಮನೆಯ ಕಾರು ಹೆದ್ದಾರಿಯಲ್ಲಿ ಮುಂದಿನ ಲಾರಿಯನ್ನು ಹಿಂದಿಕ್ಕುವಾಗ ಎಷ್ಟು ಕೂಗುತ್ತದೋ ಅಷ್ಟು ಕೂಗುವುದು ರೇಸ್ ಎಂಜಿನ್ನಿಗೆ ವಿಶ್ರಾಂತಿ. ಅದಕ್ಕಿಂತ ಕೆಳಗಿಳಿದರೆ ಅದು ಆರಿಹೋಗುತ್ತದೆ. ಕಾರಣ ಸರಳ. ಅದರ ವಾಲ್ವುಗಳು ತೆರೆಯುವ ಮುಚ್ಚುವ ಹೊತ್ತು, ಗಾಳಿ ನುಗ್ಗುವ ದಾರಿ, ಎಲ್ಲವೂ ಅತಿ ವೇಗಕ್ಕೆ ಹೇಳಿ ಮಾಡಿಸಿದವು. ನಿಧಾನವಾದಾಗ ಗಾಳಿ ಪೆಟ್ರೋಲುಗಳು ಸರಿಯಾಗಿ ಬೆರೆಯುವುದಿಲ್ಲ. ಒಂದು ಕಿಡಿಗೆ ಹೊತ್ತಿಕೊಂಡರೆ ಇನ್ನೊಂದಕ್ಕೆ ಹೊತ್ತಿಕೊಳ್ಳುವುದಿಲ್ಲ. ಒಳಗಿನ ತಿರುಗುವ ಭಾಗಗಳು ತೀರ ಹಗುರವಾದ್ದರಿಂದ, ಒಂದು ಸಲ ತಪ್ಪಿದ ಎಂಜಿನ್ನನ್ನು ಮುಂದಿನ ಕಿಡಿಯವರೆಗೆ ತಳ್ಳಿಕೊಂಡು ಹೋಗುವ ಭಾರವೂ ಅಲ್ಲಿಲ್ಲ.

ರೇಸಿನಲ್ಲಿ ಇದು ತೊಂದರೆಯೇ ಅಲ್ಲ. ರೇಸ್ ಕಾರು ನಿಲ್ಲುವುದು ಚಕ್ರ ಬದಲಿಸುವ ಎರಡು ಮೂರು ಸೆಕೆಂಡ್ ಮಾತ್ರ. ಅಷ್ಟೇ ಅಲ್ಲ, ಅದರ ಎಂಜಿನ್ನನ್ನು ಬೆಳಿಗ್ಗೆ ಚಾವಿ ತಿರುಗಿಸಿ ಚಾಲೂ ಮಾಡುವಂತೆಯೂ ಇಲ್ಲ. ಒಳಭಾಗಗಳ ನಡುವಿನ ಸಂದು ಎಷ್ಟು ಕಿರಿದೆಂದರೆ, ಮೊದಲು ಬಿಸಿ ಮಾಡಿದ ನೀರು, ಎಣ್ಣೆ ಹರಿಸಿ ಎಂಜಿನ್ನನ್ನು ಹದಕ್ಕೆ ತಂದು, ಆಮೇಲೆ ಹೊರಗಿನ ಸ್ಟಾರ್ಟರ್ ಹಚ್ಚಬೇಕು. ಅದಕ್ಕೆ ಒಂದು ತಂಡವೇ ಬೇಕು. 27 ಲಕ್ಷ ಯೂರೋ ಕೊಟ್ಟವನಿಗೂ ಮನೆಯ ಗ್ಯಾರೇಜಿನಲ್ಲಿ ಬಿಸಿನೀರು ಹಿಡಿದು ನಿಲ್ಲುವ ಎಂಜಿನಿಯರ್‌ಗಳು ಸಿಗುವುದಿಲ್ಲ.

ಎಎಂಜಿ ಎಂಜಿನಿಯರ್‌ಗಳು ತಮಗೆ ತಾವೇ ಹಾಕಿಕೊಂಡ ಗುರಿ ನಿಮಿಷಕ್ಕೆ ಸುಮಾರು 1,200 ಸುತ್ತಿನ ಐಡ್ಲಿಂಗ್. ಬರೀ ನಿಂತರೆ ಸಾಲದು, ನಿಂತಾಗ ಉಗುಳುವ ಹೊಗೆಯೂ ಶುದ್ಧವಾಗಿರಬೇಕು. ಸರಿಯಾಗಿ ಉರಿಯದ ಪೆಟ್ರೋಲ್ ಹಾಗೇ ಹೊರಗೆ ಬರುತ್ತದಷ್ಟೆ. ದುರದೃಷ್ಟಕ್ಕೋ ಏನೋ, ಕಾರು ಅನಾವರಣಗೊಂಡ 2017ರ ಸೆಪ್ಟೆಂಬರ್ ತಿಂಗಳಲ್ಲೇ ಯೂರೋಪಿನಲ್ಲಿ ಹೊಸ ಮಾದರಿಯ ಕಾರುಗಳಿಗೆ ಹೆಚ್ಚು ಕಟ್ಟುನಿಟ್ಟಾದ ಹೊಗೆ ಪರೀಕ್ಷೆ ಜಾರಿಗೆ ಬಂತು. ರೇಸ್ ಎಂಜಿನ್ನಿಗೆ ಹೊಗೆ ತಪಾಸಣೆ ಎಂಬುದೇ ಗೊತ್ತಿರಲಿಲ್ಲ. ಅದಕ್ಕೀಗ ಲೋಹದ ನಾಲ್ಕು ಶುದ್ಧೀಕರಣ ಪೆಟ್ಟಿಗೆ, ಪಿಂಗಾಣಿಯ ಎರಡು, ಮಸಿ ಹಿಡಿಯುವ ಜಾಲರಿ ಎರಡು ಕಟ್ಟಬೇಕಾಯಿತು. ಇವು ಹೊಗೆಯ ದಾರಿಗೆ ಅಡ್ಡ ನಿಲ್ಲುತ್ತವೆ, ತೂಕವನ್ನೂ ಕೂಡಿಸುತ್ತವೆ.

ಇಷ್ಟಾದರೂ ಇನ್ನೊಂದು ತೊಡಕು. ಶುದ್ಧೀಕರಣ ಪೆಟ್ಟಿಗೆ ಬಿಸಿಯಾಗುವವರೆಗೆ ಕೆಲಸ ಮಾಡುವುದಿಲ್ಲ. ಹಾಗಾಗಿ ಅದನ್ನು ವಿದ್ಯುತ್ತಿನಿಂದ ಮೊದಲೇ ಕಾಯಿಸುತ್ತಾರೆ. ಗುಂಡಿ ಒತ್ತಿದಾಗ ಎಎಂಜಿ ಒನ್ ಹೊರಡುವುದು ಬರೀ ಮುಂದಿನ ಚಕ್ರಗಳ ಮೋಟರಿನಿಂದ, ನಿಶ್ಶಬ್ದವಾಗಿ. ಪೆಟ್ಟಿಗೆಗಳು ಕಾದು ಹದಕ್ಕೆ ಬಂದಮೇಲೆ ಮಾತ್ರ ಎಂಜಿನ್ನಿಗೆ ಅಪ್ಪಣೆ. ಫಾರ್ಮುಲಾ ಒನ್ ಗರ್ಜನೆಗಾಗಿ ದುಡ್ಡು ತೆತ್ತವನು ಬೀದಿಯ ತಿರುವಿನವರೆಗೆ ಮಿಕ್ಸಿಯ ಸದ್ದೂ ಇಲ್ಲದೆ ಸಾಗುತ್ತಾನೆ. ನೆರೆಮನೆಯವರ ದೃಷ್ಟಿಯಿಂದ ಇದು ಕಾರಿನ ಅತ್ಯುತ್ತಮ ಗುಣ ಎಂದು ನನಗನ್ನಿಸುತ್ತದೆ.

ವಿದ್ಯುತ್ತಿನಲ್ಲೇ ದೂರ ಹೋಗೋಣವೆಂದರೆ ಅದೂ ಆಗದು. ಬ್ಯಾಟರಿ 8.4 ಯೂನಿಟ್ಟಿನದು, ಓಡುವುದು 18.1 ಕಿಲೋಮೀಟರ್. ಮತ್ತೆ ಪ್ಲಗ್ಗಿಗೆ ಹಾಕಿದರೆ ತುಂಬಲು ಎರಡೂವರೆ ತಾಸಿನ ಹತ್ತಿರ ಬೇಕು. ದೊಡ್ಡ ಬ್ಯಾಟರಿ ಇಟ್ಟರೆ ತೂಕ ಹೆಚ್ಚಿ ರೇಸ್ ಕಾರಿನ ಚುರುಕು ಹೋಗುತ್ತದೆ. ರೇಸ್ ಕಾರಿನಲ್ಲಿರುವಂತೆ ಇಲ್ಲಿಯೂ ಬ್ಯಾಟರಿಯ ಕೆಲಸ ವಿದ್ಯುತ್ತನ್ನು ಕೂಡಿಡುವುದಕ್ಕಿಂತ ಹೆಚ್ಚಾಗಿ ಬೇಗ ಪಡೆದು ಬೇಗ ಕೊಡುವುದು.

ಒಳಗೆ ಕೂರುವುದು ಇಬ್ಬರೇ. ಆಸನದ ಬೆನ್ನು ಎರಡು ಓರೆಗಳಲ್ಲಿ ಮಾತ್ರ ನಿಲ್ಲುತ್ತದೆ. ಆಸನ ಮುಂದೆ ಹಿಂದೆ ಸರಿಯುವುದಿಲ್ಲ, ಪೆಡಲ್‌ಗಳನ್ನೇ ಕಾಲಿನ ಬಳಿಗೆ ಎಳೆದುಕೊಳ್ಳಬೇಕು. ಹಿಂದಿನ ಗಾಜಿಲ್ಲ, ಅಲ್ಲಿ ಎಂಜಿನ್ ಇದೆ. ಬದಲಿಗೆ ಕ್ಯಾಮೆರಾ, ಪರದೆ. ಎಂಜಿನ್ನನ್ನು ರಬ್ಬರ್ ಮೆತ್ತೆಯ ಮೇಲೆ ಕೂರಿಸದೆ, ರೇಸ್ ಕಾರಿನ ಪದ್ಧತಿಯಂತೆ ಕಾರ್ಬನ್ ದೇಹಕ್ಕೇ ನೇರ ಬೋಲ್ಟ್ ಹಾಕಿದ್ದಾರೆ. ಅದು ಬರೀ ಎಂಜಿನ್ ಅಲ್ಲ, ಕಾರಿನ ಬೆನ್ನುಮೂಳೆಯ ಭಾಗವೂ ಹೌದು. ಪರಿಣಾಮವಾಗಿ ಅದರ ನಡುಕ, ಕಿರುಚಾಟ ಎಲ್ಲ ಸೋಸದೆ ಕಿವಿಗೆ ಬರುತ್ತವೆ. ಏರ್ ಕಂಡಿಷನರ್ ಇದೆ, ಕಿಟಕಿ ಗಾಜು ಗುಂಡಿ ಒತ್ತಿದರೆ ಇಳಿಯುತ್ತದೆ. ಐಷಾರಾಮ ಹೆಚ್ಚುಕಡಿಮೆ ಇಷ್ಟೇ.

ಹಾಗೆ ನೋಡಿದರೆ ರೇಸ್ ಎಂಜಿನ್ನನ್ನು ರಸ್ತೆಗಿಳಿಸುವ ಹಂಬಲ ಹೊಸದೇನಲ್ಲ. 1992ರಲ್ಲಿ ಜಪಾನಿನ ಯಮಾಹ ಕಂಪನಿ ತನ್ನ ಫಾರ್ಮುಲಾ ಒನ್ ಎಂಜಿನ್ ಇಟ್ಟು ಓಎಕ್ಸ್99-11 ಎಂಬ ಕಾರು ಕಟ್ಟಿತ್ತು. ಚಾಲಕನ ಹಿಂದೆ ಒಬ್ಬ, ಬೈಕಿನಲ್ಲಿ ಕೂತಂತೆ. ಮೂರು ಮಾದರಿ ತಯಾರಾಗುವಷ್ಟರಲ್ಲಿ ಜಪಾನಿನ ಆರ್ಥಿಕತೆ ಕುಸಿದು ಯೋಜನೆ ಮೂಲೆ ಸೇರಿತು. 1995ರಲ್ಲಿ ಫೆರಾರಿ ಎಫ್50 ಬಂತು. ಅದರ ಹನ್ನೆರಡು ಸಿಲಿಂಡರ್ ಎಂಜಿನ್ 1990ರ ರೇಸ್ ಕಾರಿನಿಂದ ಬಂದದ್ದು. ಆದರೆ ಫೆರಾರಿಯವರು ಜಾಣರು, 3.5 ಲೀಟರಿನ ಎಂಜಿನ್ನನ್ನು 4.7 ಲೀಟರಿಗೆ ಹಿಗ್ಗಿಸಿ, ಸುತ್ತಿನ ವೇಗ ಇಳಿಸಿ, ಸಾಧುವಾಗಿಸಿ ಆಮೇಲೆ ಕಾರಿಗಿಟ್ಟರು. ಅಂಥ ಕಾರು 349 ತಯಾರಾದವು. 2013ರ ಸುಮಾರಿಗೆ ಬಂದ ಹೈಬ್ರಿಡ್ ಹೈಪರ್‌ಕಾರುಗಳಾದ ಪೋರ್ಷ 918, ಮೆಕ್ಲಾರೆನ್ ಪಿ1, ಲಾಫೆರಾರಿ ಮೂರರಲ್ಲೂ ಇದ್ದುದು ದೊಡ್ಡ ಗಾತ್ರದ, ರಸ್ತೆಯ ಶಿಸ್ತು ಬಲ್ಲ ಎಂಜಿನ್ನುಗಳೇ. ಮರ್ಸಿಡಿಸ್ ಹಿಡಿದದ್ದು ಬೇರೆ ಹಟ, ಗಾತ್ರ ಹಿಗ್ಗಿಸಲಿಲ್ಲ. ಸುತ್ತಿನ ಮಿತಿಯನ್ನು ಮಾತ್ರ 11,000ಕ್ಕೆ ನಿಲ್ಲಿಸಿತು, ಎಂಜಿನ್ ಬಾಳಿಕೆ ಬರಲೆಂದು, ಬಂಕಿನಲ್ಲಿ ಸಿಗುವ ಪೆಟ್ರೋಲೇ ಸಾಕಾಗಲೆಂದು.

ಬಾಳಿಕೆಯ ಮಾತು ಬಂತು. ಈ ಎಂಜಿನ್ 50,000 ಕಿಲೋಮೀಟರ್ ಓಡಿದ ಮೇಲೆ ಬಿಚ್ಚಿ ಹೊಸದಾಗಿ ಕಟ್ಟಬೇಕೆಂದು 2017ರಲ್ಲೇ ಕಂಪನಿ ತಿಳಿಸಿತ್ತು. ನಮ್ಮ ಟ್ಯಾಕ್ಸಿ ಚಾಲಕರು ಕೇಳಿದರೆ ನಕ್ಕಾರು. ಆದರೆ ಆ ವರ್ಷದ ರೇಸ್ ನಿಯಮ ನೆನಪಿಸಿಕೊಳ್ಳಿ: 20 ರೇಸಿಗೆ ನಾಲ್ಕು ಎಂಜಿನ್. ಒಂದು ರೇಸ್ ಸುಮಾರು 305 ಕಿಲೋಮೀಟರ್. ಅಭ್ಯಾಸದ ಓಟ ಸೇರಿಸಿಕೊಂಡರೂ ಕೆಲವೇ ಸಾವಿರ ಕಿಲೋಮೀಟರಿಗೆ ಆಯುಷ್ಯ ಮುಗಿಸುತ್ತಿದ್ದ ಯಂತ್ರವನ್ನು 50,000ಕ್ಕೆ ತಂದದ್ದು ಸಣ್ಣ ಕೆಲಸವಲ್ಲ. ನನ್ನ ಮಟ್ಟಿಗೆ, 352 ಎಂಬ ಅಂಕಿಗಿಂತ ಈ 50,000 ಹೆಚ್ಚು ಬೆರಗಿನದು.

ಇಷ್ಟೆಲ್ಲ ಒದ್ದಾಟದ ನಡುವೆ ಕಾಲ ಸುಮ್ಮನಿರಲಿಲ್ಲ. 2021ರಲ್ಲಿ ಅಮೆರಿಕದ ಟೆಸ್ಲಾ ಕಂಪನಿ ಮಾಡೆಲ್ ಎಸ್ ಪ್ಲೇಡ್ ಎಂಬ ಪೂರ್ಣ ವಿದ್ಯುತ್ ಕಾರನ್ನು ಸುಮಾರು 1.3 ಲಕ್ಷ ಡಾಲರಿಗೆ ಮಾರಲಾರಂಭಿಸಿತು. ನಾಲ್ಕು ಬಾಗಿಲು, ಮಕ್ಕಳು ಮರಿ ಸಾಮಾನು ಸಮೇತ ಕೂರುವಷ್ಟು ಜಾಗ. ಅದು 100 ಕಿಲೋಮೀಟರ್ ವೇಗ ಮುಟ್ಟುವುದು 2.1 ಸೆಕೆಂಡಿನಲ್ಲಿ ಎಂದು ಕಂಪನಿ ಹೇಳುತ್ತದೆ. ಅಂದರೆ ಹಸಿರು ದೀಪ ಹೊತ್ತಿದಾಗ ಎಎಂಜಿ ಒನ್ ಹಿಂದೆ ಬೀಳುತ್ತದೆ. ಹೊಗೆ, ಐಡ್ಲಿಂಗ್, ಬಿಸಿನೀರು, ಯಾವ ಗೊಡವೆಯೂ ಇಲ್ಲದ ಕಾರಿನ ಎದುರು.

ತನ್ನ ಜಾಗ ಯಾವುದೆಂದು ಎಎಂಜಿ ಒನ್ ತೋರಿಸಿದ್ದು 2022ರ ಅಕ್ಟೋಬರ್ 28ರಂದು, ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ಪಥದಲ್ಲಿ. 20.8 ಕಿಲೋಮೀಟರಿನ ಆ ಸುತ್ತನ್ನು ಚಾಲಕ ಮಾರೊ ಎಂಗೆಲ್ 6 ನಿಮಿಷ 35.183 ಸೆಕೆಂಡಿನಲ್ಲಿ ಮುಗಿಸಿದರು. ರಸ್ತೆ ಪರವಾನಗಿಯ ಕಾರುಗಳಲ್ಲಿ ಆಗ ಅದು ದಾಖಲೆ. 2024ರಲ್ಲಿ ಅವರೇ ಮತ್ತೆ ಬಂದು 6 ನಿಮಿಷ 29.090 ಸೆಕೆಂಡಿಗೆ ಇಳಿಸಿದರು. ಅಲ್ಲಿಯೂ ಲೆಕ್ಕಾಚಾರ ತಪ್ಪಲಿಲ್ಲ. ಪುಟ್ಟ ಬ್ಯಾಟರಿಯ ವಿದ್ಯುತ್ತನ್ನು ಎಲ್ಲಿ ಸುರಿಯಬೇಕು, ಎಲ್ಲಿ ಉಳಿಸಬೇಕು, ಯಾವ ಬ್ರೇಕಿನಲ್ಲಿ ಎಷ್ಟು ಮರಳಿ ಪಡೆಯಬೇಕು ಎಂದು ನೋಡುತ್ತಲೇ ಓಡಿಸಬೇಕಿತ್ತು.

ಇಷ್ಟು ಕಷ್ಟಪಟ್ಟು ಪಳಗಿಸಿದ ಯಂತ್ರದ ಬಹುಮುಖ್ಯ ಅಂಗ, ಟರ್ಬೊ ಒಳಗಿನ ಆ ಮೋಟರನ್ನು, 2026ರ ನಿಯಮಗಳಲ್ಲಿ ಫಾರ್ಮುಲಾ ಒನ್ ಕೈಬಿಟ್ಟಿದೆ. ತೀರ ದುಬಾರಿ, ತೀರ ಜಟಿಲ ಎಂಬುದು ಕಾರಣ. ಅದರ ಚಿಕ್ಕ ರೂಪವೊಂದನ್ನು ಮರ್ಸಿಡಿಸ್ 2022ರಲ್ಲೇ ಎಸ್ಎಲ್ 43 ಎಂಬ ತನ್ನ ಮಾಮೂಲಿ ಕಾರಿಗೆ ಅಳವಡಿಸಿತು. ಆ ಕಾರು ಸಿಗ್ನಲ್‌ನಲ್ಲಿ ಯಾವ ತಕರಾರೂ ಇಲ್ಲದೆ ನಿಲ್ಲುತ್ತದೆ.