ಖಾಲಿ ಉಳಿದ ಕುರ್ಚಿ

ಅಮೆರಿಕ ದೊಡ್ಡ ದೇಶ. ನಮ್ಮಲ್ಲಿ ಇರುವ ಹಾಗೆ ಅಲ್ಲೂ ರಾಜ್ಯಗಳಿವೆ. ಇಡೀ ದೇಶಕ್ಕೆ ಕಾನೂನು ಮಾಡಲು ಎರಡು ಸಭೆಗಳಿವೆ. ಒಂದರ ಹೆಸರು ಸೆನೆಟ್. ರಾಜ್ಯ ಸಣ್ಣದಿರಲಿ, ದೊಡ್ಡದಿರಲಿ, ಪ್ರತಿ ರಾಜ್ಯದಿಂದ ಇಬ್ಬರು ಸದಸ್ಯರು. ಅವರಿಗೆ ಸೆನೆಟರ್ ಅಂತಾರೆ. ಅವರ ಅವಧಿ 6 ವರ್ಷ.

ಸೆನೆಟರನ್ನು ಆರಿಸುವವರು ಯಾರು? ಮೊದಲು ಜನರು ನೇರವಾಗಿ ಆರಿಸುತ್ತಿರಲಿಲ್ಲ. ಜನರು ಓಟು ಹಾಕಿ ರಾಜ್ಯದ ಶಾಸಕರನ್ನು ಆರಿಸುತ್ತಿದ್ದರು. ಆ ಶಾಸಕರು ಸೇರಿ ಸೆನೆಟರನ್ನು ಆರಿಸುತ್ತಿದ್ದರು. ಸ್ಥಾನ ಖಾಲಿಯಾದರೆ ತುಂಬುವ ಕೆಲಸವೂ ಅವರದೇ.

ಶಾಸಕರೇ ಒಮ್ಮತಕ್ಕೆ ಬಾರದೆ ಜಗಳ ಆಡಿದರೆ ಏನು ಗತಿ?

ಡೆಲವೇರ್ ಎಂಬ ಸಣ್ಣ ರಾಜ್ಯದಲ್ಲಿ ಹೀಗೇ ಆಯಿತು. 1899ರಲ್ಲಿ ಅಲ್ಲಿನ ಒಂದು ಸ್ಥಾನ ಖಾಲಿಯಾಯಿತು. ಅಡಿಕ್ಸ್ ಎಂಬ ಸಾಹುಕಾರನಿಗೆ ಸೆನೆಟರ್ ಆಗುವ ಆಸೆ. ಅವನ ಪಕ್ಷದಲ್ಲೇ ಎರಡು ಗುಂಪು. ಒಂದು ಗುಂಪು ಅವನೇ ಬೇಕು ಅಂತು. ಇನ್ನೊಂದು ಗುಂಪು ಅವನು ಬೇಡವೇ ಬೇಡ ಅಂತು. ಮತ್ತೆ ಮತ್ತೆ ಓಟು ಹಾಕಿದರು. ಯಾರಿಗೂ ಬಹುಮತ ಬರಲಿಲ್ಲ.

1901ರಲ್ಲಿ ಎರಡನೆಯ ಸ್ಥಾನವೂ ಖಾಲಿಯಾಯಿತು. ಅದೂ ತುಂಬಲಿಲ್ಲ. 1903ರವರೆಗೆ ಸೆನೆಟಿನಲ್ಲಿ ಆ ರಾಜ್ಯದವರು ಒಬ್ಬರೂ ಇರಲಿಲ್ಲ. ಜಗಳ ಆಡಿದ್ದು ಶಾಸಕರು. ದನಿ ಕಳೆದುಕೊಂಡಿದ್ದು ಜನ.

ಆಗ ಅಲ್ಲಿನ ಹೆಂಗಸರಿಗೆ ಶಾಸಕರನ್ನು ಆರಿಸುವ ಓಟೂ ಇರಲಿಲ್ಲ. ಅವರು ಯಾರನ್ನು ಕೇಳಬೇಕು?

1913ರಲ್ಲಿ ಅಮೆರಿಕದ ಸಂವಿಧಾನ ಬದಲಾಯಿತು. ಸೆನೆಟರನ್ನು ಜನರೇ ನೇರವಾಗಿ ಆರಿಸಬೇಕು ಎಂದಾಯಿತು. ಹೆಂಗಸು ಎಂಬ ಕಾರಣಕ್ಕೆ ಯಾರಿಗೂ ಓಟು ತಪ್ಪಿಸಬಾರದು ಎಂದು 1920ರಲ್ಲಿ ಸೇರಿಸಿದರು.

ನಮ್ಮಲ್ಲಿ ಹೇಗೆ? ದೆಹಲಿಯಲ್ಲಿ ರಾಜ್ಯಸಭೆ ಇದೆ. ಅದಕ್ಕೆ ಕರ್ನಾಟಕದಿಂದ 12 ಸದಸ್ಯರು. ಅವರನ್ನು ಇಂದಿಗೂ ನಮ್ಮ ಶಾಸಕರೇ ಆರಿಸುತ್ತಾರೆ. ಅವಧಿ 6 ವರ್ಷ. ನಡುವೆ ಸ್ಥಾನ ಖಾಲಿಯಾದರೆ ಸಾಮಾನ್ಯವಾಗಿ 6 ತಿಂಗಳ ಒಳಗೆ ಉಪಚುನಾವಣೆ ನಡೆಸಬೇಕು. ಉಳಿದ ಅವಧಿ ಒಂದು ವರ್ಷಕ್ಕಿಂತ ಕಡಿಮೆ ಇದ್ದರೆ ಈ ಕಟ್ಟು ಇಲ್ಲ. ಗೆದ್ದವರು ಉಳಿದ ಅವಧಿಗೆ ಮಾತ್ರ ಸದಸ್ಯರು.

ನೋಡಿದಿರಾ ಅಕ್ಕಂದಿರೇ? ನೀವು ಶಾಸಕರಿಗೆ ಹಾಕುವ ಓಟು ಬೆಂಗಳೂರಿಗೇ ನಿಲ್ಲುವುದಿಲ್ಲ. ದೆಹಲಿವರೆಗೂ ಹೋಗುತ್ತೆ.

ಶಾಸಕರು ಮತ್ತೆ ಓಟು ಕೇಳಲು ಬರುತ್ತಾರೆ. ರಸ್ತೆ, ನೀರಿನ ವಿಷಯ ಕೇಳಿ. ಜೊತೆಗೆ ಇದನ್ನೂ ಕೇಳಿ: "ರಾಜ್ಯಸಭೆಗೆ ಯಾರನ್ನು ಆರಿಸಿ ಕಳಿಸಿದಿರಿ? ಯಾಕೆ ಅವರನ್ನೇ ಆರಿಸಿದಿರಿ?"