ಗಡಿಸೀಮೆಯ ಗುರುವಿನ ಓದು

ಕಬ್ಬೂರ, ಚಿಕ್ಕೋಡಿ, ನಿಪ್ಪಾಣಿಗಳ ಕಡೆಯ ಶರಣಬಂಧುಗಳಿಗೆ ಎರಡು ಭಾಷೆಗಳ ಬಾಳು ಹೊಸತಲ್ಲ. ಕನ್ನಡದಲ್ಲಿ ಬೆಲೆ ಕೇಳಿದರೆ ಮರಾಠಿಯಲ್ಲಿ ಉತ್ತರ ಬರುವ ಸಂತೆಗಳು ಇಲ್ಲಿಯವು. ಮರಾಠಿ ಮನೆಯ ಮಗುವಿಗೆ ಕನ್ನಡ ಕಲಿಸುವ ಶಿಕ್ಷಕರು ತಾವೇನು ಕಲಿತಿರಬೇಕು?

ಶಿಕ್ಷಕರೂ ಕಲಿಯುತ್ತಿರಬೇಕೆಂಬುದನ್ನು ಈ ಭಾಗದಲ್ಲಿ ಮೊದಲು ಆಚರಣೆಗೆ ತಂದವರಲ್ಲಿ ಧಾರವಾಡದ ಡೆಪ್ಯುಟಿ ಚನ್ನಬಸಪ್ಪನವರು ಅಗ್ರಗಣ್ಯರು. ಮುಂಬಯಿ ಆಧಿಪತ್ಯದ ಕನ್ನಡ ಜಿಲ್ಲೆಗಳಲ್ಲಿ ಮರಾಠಿಯೇ ಮೆರೆಯುತ್ತಿದ್ದ ಕಾಲವದು. ಅವರು ಕನ್ನಡ ಶಾಲೆಗಳನ್ನು ತೆರೆಸಿದರು. ಆದರೆ ಕಲಿಸಬಲ್ಲವರು ಬೇಕಲ್ಲ! ಅದಕ್ಕಾಗಿ ಶಿಕ್ಷಕರ ತರಬೇತಿಗೆ ನಿಂತರು. ಶಿಕ್ಷಕರಿಗೆಂದೇ 1865ರಲ್ಲಿ ‘ಮಠಪತ್ರಿಕೆ’ ಹೊರಟಿತು. ಆಗ ಊರ ಶಾಲೆಗೂ ಮಠವೆಂದೇ ಹೆಸರು. ಅದೇ ಪತ್ರಿಕೆ ಕಾಲಾಂತರದಲ್ಲಿ ‘ಜೀವನ ಶಿಕ್ಷಣ’ವಾಯಿತು. 1871ರಲ್ಲಿ ಅವರು ಷೇಕ್ಸ್‌ಪಿಯರನ ನಾಟಕವೊಂದನ್ನು ‘ನಗದವರನ್ನು ನಗಿಸುವ ಕಥೆ’ ಎಂದು ಕನ್ನಡಿಸಿದರು. ಪರಭಾಷೆಯ ಪರಿಶ್ರಮ ಬೋಧಕರಿಗೆ ಭೂಷಣ.

ಮರಾಠಿ ಮಗು ‘ಬಸ್ಸು ಬಂದಳು’ ಎಂದರೆ ತರಗತಿ ನಗುತ್ತದೆ. ನಕ್ಕಲ್ಲಿಗೆ ಮಗುವಿನ ಬಾಯಿ ಕಟ್ಟಿತು. ಮರುದಿನ ಅದು ಮಾತೇ ಆಡದು. ಮರಾಠಿಯಲ್ಲಿ ಬಸ್ಸು ಸ್ತ್ರೀಲಿಂಗ, ರಸ್ತೆ ಪುಲ್ಲಿಂಗ, ಮನೆ ನಪುಂಸಕ. ಕನ್ನಡದಲ್ಲಿ ಮೂರೂ ನಪುಂಸಕವೇ. ಇದನ್ನರಿತ ಗುರು ಗದರಿಸುವುದಿಲ್ಲ, ಎರಡನ್ನೂ ಹಲಗೆಯ ಮೇಲೆ ಬರೆದು ತೋರಿಸುತ್ತಾರೆ.

ಮಠದಲ್ಲಿ ಸಂಸ್ಕೃತ ವ್ಯಾಕರಣವನ್ನು ಓದಿದ ನಮಗೂ ಕನ್ನಡದ ಒಂದು ಗುಣ ಹೊಳೆದದ್ದು ಮರಾಠಿಯ ಮಗ್ಗುಲಲ್ಲಿಟ್ಟು ನೋಡಿದಾಗಲೇ. ಅಲ್ಲಿ ‘ಆಮ್ಹಿ’ ಎಂದರೆ ಕೇಳುವವರು ಹೊರಗೆ. ‘ಆಪಣ’ ಎಂದರೆ ಅವರೂ ಒಳಗೆ. ನಮ್ಮಲ್ಲಿ ಎರಡಕ್ಕೂ ಒಂದೇ ‘ನಾವು’. ಈ ಲೇಖನದ ‘ನಾವು’ ಯಾವುದೆಂದು ಮರಾಠಿ ಬಲ್ಲ ಓದುಗರು ಕೇಳಿದರೆ, ಆಪಣ ಎಂದೇ ಹೇಳಿಯೇವು.