ಕಟ್ಟುವ ಮುನ್ನವೇ ಕಾಣುವ ಕಟ್ಟಡ

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರು ಹಿತವಾದ ಹವೆಗೆ ಹೆಸರಾದ ನಗರ. ಅದರ ಅಂಚಿನ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ಇಂದು ಗಾಜಿನ ಗೋಡೆಯ ಕಚೇರಿಗಳು ತಲೆಯೆತ್ತಿ ನಿಂತಿವೆ. ಗಾಜು ಬೆಳಕಿನೊಡನೆ ಬಿಸಿಲಿನ ಕಾವನ್ನೂ ಒಳಗೆ ಬಿಡುತ್ತದೆ. ಸಂಜೆಯ ಬಿಸಿಲು ಕಣ್ಣು ಕುಕ್ಕಿದಾಗ ಪರದೆಯಿಳಿಸಿ, ಹಗಲಿನಲ್ಲಿಯೇ ದೀಪ ಹಚ್ಚಬೇಕಾಗುತ್ತದೆ. ಕಟ್ಟಿ ಮುಗಿಸಿದ ಮೇಲೆ ಇಂಥ ದೋಷವನ್ನು ತಿದ್ದುವುದು ಕಷ್ಟ. ಮೊದಲೇ ಅದನ್ನು ಅರಿಯಬಹುದೇ?

ಇದಕ್ಕೆ ನೆರವಾಗುವ ತಂತ್ರವೇ ವರ್ಚುಯಲ್ ರಿಯಾಲಿಟಿ. ನಕ್ಷೆಯಿಂದ ಕಂಪ್ಯೂಟರು ರಚಿಸಿದ ಕೊಠಡಿಯನ್ನು ಕಣ್ಣಿಗೆ ಧರಿಸುವ ಸಾಧನದಲ್ಲಿ ನೋಡಬಹುದು. ಎರಡು ಕಣ್ಣುಗಳಿಗೆ ತುಸು ಭಿನ್ನವಾದ ಚಿತ್ರಗಳು ಕಾಣುವುದರಿಂದ ಆಳದ ಅನುಭವವಾಗುತ್ತದೆ. ಕಿಟಕಿಯನ್ನು ಕಿರಿದಾಗಿಸಿ, ಅದರ ಮೇಲಣ ಚಾಚನ್ನು ಹಿಗ್ಗಿಸಿ, ಯಾವುದು ಹಿತವೆಂದು ಹೋಲಿಸಬಹುದು.

ಆದರೆ ಸಾಧನಕ್ಕೆ ಮಿತಿಯುಂಟು. ಚಿತ್ರದ ಸೂರ್ಯನು ನಿಜಸೂರ್ಯನಷ್ಟು ಪ್ರಖರನಲ್ಲ. ಅವನ ಬಿಸಿಲು ಮೈಗೆ ತಾಕದು. ಗಾಳಿಯ ಉಷ್ಣತೆ, ಗೋಡೆ ಗಾಜುಗಳ ಕಾವು, ತೇವಾಂಶ, ಗಾಳಿಯ ವೇಗ, ಉಡುಪು, ದೇಹಶ್ರಮ ಎಂಬ ಆರು ಅಂಶಗಳು ಸೇರಿ ಮೈಯ ಹಿತವನ್ನು ನಿರ್ಧರಿಸುತ್ತವೆ. ಆದುದರಿಂದ ಸಂಶೋಧಕರು ಉಷ್ಣತೆಯನ್ನು ನಿಯಂತ್ರಿಸಬಲ್ಲ ಕೋಣೆಯಲ್ಲಿ ಜನರನ್ನು ಕುಳ್ಳಿರಿಸಿ, ದೃಶ್ಯವನ್ನು ತೋರಿಸಿ, ಅವರ ಅನುಭವವನ್ನು ಕೇಳುತ್ತಾರೆ.

ಹೀಗೆ ಕೇಳುವುದೇ ಮುಖ್ಯ. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾನಿಲಯದ ಸಂಶೋಧಕರು ಬೆಂಗಳೂರೂ ಸೇರಿದಂತೆ 5 ನಗರಗಳ 16 ಕಚೇರಿ ಕಟ್ಟಡಗಳಲ್ಲಿ 6,330 ಉತ್ತರಗಳನ್ನು ಸಂಗ್ರಹಿಸಿ, 2016ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಸಹಜ ಗಾಳಿಯಾಡುವ ಕಚೇರಿಗಳಲ್ಲಿ ನಮ್ಮ ಜನ, ಹೊರದೇಶಗಳ ಮಾನದಂಡಗಳು ಎಣಿಸಿದುದಕ್ಕಿಂತ ಚೆನ್ನಾಗಿ ಹವೆಗೆ ಹೊಂದಿಕೊಳ್ಳುತ್ತಾರೆಂಬುದು ಆಗ ತಿಳಿದುಬಂತು. ಕಟ್ಟಡವು ಹಿತವೇ ಅಲ್ಲವೇ ಎಂಬುದಕ್ಕೆ ಅಲ್ಲಿ ದುಡಿಯುವವರ ಮಾತೇ ಪ್ರಮಾಣ. ಯಂತ್ರವು ಆ ಮಾತನ್ನು ಮುಂಚಿತವಾಗಿ ಕೇಳಿಸಿಕೊಳ್ಳುವ ಸಾಧನ ಮಾತ್ರ.